ರಿವಾರ್ಡ್ ಕ್ರೆಡಿಟ್ ಕಾರ್ಡ್: ನಿಮ್ಮ ಖರ್ಚಿಗೆ ಯಾವುದು ಸರಿ? ಬೀದರ್, ಭಾಲ್ಕಿ, ಔರಾದ್ ಜನರಿಗೆ ಪೂರ್ತಿ ಲೆಕ್ಕ

ಬೀದರ್: ಉದ್ರಿ ನಮ್ಮ ಭಾಗಕ್ಕೆ ಹೊಸದಲ್ಲ. ಕಿರಾಣಿ ಅಂಗಡಿಯಲ್ಲಿ ಉದ್ರಿ ವಹಿ ಇದೆ, ಗಾಂಧಿ ಗಂಜ್‌ನ ಅಡತಿ ಹತ್ತಿರ ಮುಂಗಡ ತರುವ ರೂಢಿ ಇದೆ. ಕ್ರೆಡಿಟ್ ಕಾರ್ಡ್ ಅಂದರೂ ಉದ್ರಿಯೇ. ಫರಕು ಇಷ್ಟೇ: ತೊಗರಿ ಮಾರಿದ ಮೇಲೆ ಕೊಡ್ತೀನಿ ಅಂದರೆ ಕಿರಾಣಿ ಸಾಹುಕಾರ ಕಾಯುತ್ತಾನೆ. ಕಾರ್ಡ್ ಕಂಪನಿ ಕಾಯುವುದಿಲ್ಲ. ತಾರೀಖು ದಾಟಿದರೆ ಬಡ್ಡಿ ಶುರು.

ಈಗ ಪೆಟ್ರೋಲ್ ಬಂಕ್ ಮುಂದೆ, ಮೊಬೈಲ್ ಅಂಗಡಿಯಲ್ಲಿ, ಫೋನ್ ಕರೆಯಲ್ಲಿ ಎಲ್ಲೆಡೆ ಒಂದೇ ಮಾತು: "ಈ ಕಾರ್ಡ್ ತಗೊಳ್ಳಿ, ಶೇ 5 ವಾಪಸ್ ಬರುತ್ತೆ, ಪಾಯಿಂಟ್ ಸಿಗುತ್ತೆ." ಸಿಗುವುದು ಸುಳ್ಳಲ್ಲ. ಆದರೆ ಯಾವ ಖರ್ಚಿಗೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೆಂಗಳೂರು, ಹೈದರಾಬಾದ್‌ನವರಿಗೆ ಲಾಭದ ಕಾರ್ಡ್ ಔರಾದ್‌ನವರಿಗೆ ನಷ್ಟ ಆಗಬಹುದು. ಕಾರ್ಡ್ ಆರಿಸುವ ಮುಂಚೆ ನೋಡಬೇಕಾದ್ದು ಏಜೆಂಟ್ ಕೊಡುವ ಚೀಟಿ ಅಲ್ಲ, ನಿಮ್ಮದೇ ಖರ್ಚಿನ ಪಟ್ಟಿ.

ಮೊದಲ ಪ್ರಶ್ನೆ: ರೊಕ್ಕ ಯಾವಾಗ ಬರುತ್ತದೆ?

ಕಾರ್ಡ್ ಬಿಲ್ ಪ್ರತಿ ತಿಂಗಳು ಬರುತ್ತದೆ. ಶಿಕ್ಷಕರು, ಆಸ್ಪತ್ರೆ ಸಿಬ್ಬಂದಿ, ಸರ್ಕಾರಿ ನೌಕರರಿಗೆ ಪಗಾರವೂ ಪ್ರತಿ ತಿಂಗಳು ಬರುತ್ತದೆ, ಅಲ್ಲಿಗೆ ಸರಿಹೋಯಿತು. ಆದರೆ ಸೋಯಾ, ಉದ್ದು, ಹೆಸರು, ತೊಗರಿ, ಕಬ್ಬು ನಂಬಿದ ಮನೆಗೆ ರೊಕ್ಕ ಬರುವುದು ವರ್ಷಕ್ಕೆ ಎರಡು-ಮೂರು ಸಲ. ಅಂಥ ರೈತರ ಉದ್ರಿ ಮೇಲೆ ನಡೆಯುವ ಅಂಗಡಿಗಳದ್ದೂ ಅದೇ ಕತೆ.

ಪೂರ್ತಿ ಬಿಲ್ ತಾರೀಖಿಗೆ ಕಟ್ಟಿದರೆ ಮಾತ್ರ ಕಾರ್ಡ್‌ನಲ್ಲಿ ಬಡ್ಡಿ ಇಲ್ಲ. ಇಲ್ಲಂದ್ರೆ ಬಹಳಷ್ಟು ಕಾರ್ಡ್‌ಗಳಲ್ಲಿ ತಿಂಗಳಿಗೆ ಶೇ 3.5ರಿಂದ 3.75ರವರೆಗೆ ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 42ರಿಂದ 45. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದು ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಅಂದರೆ ಆ ಮಿತಿಯ ರಕ್ಷಣೆ ಈಗ ಇಲ್ಲ.

ಒಂದು ಲೆಕ್ಕ ನೋಡ್ರಿ. ಬಿಲ್ 20,000 ರೂಪಾಯಿ ಬಂತು. "ಮಿನಿಮಮ್ ಡ್ಯೂ" ಅಂತ 1,000 ಕಟ್ಟಿದಿರಿ. ಉಳಿದ 19,000ಕ್ಕೆ ಶೇ 3.75ರಂತೆ ಒಂದು ತಿಂಗಳ ಬಡ್ಡಿ 712 ರೂಪಾಯಿ, ಜಿಎಸ್‌ಟಿ 128 ರೂಪಾಯಿ. ಒಟ್ಟು 840. ಆ 20,000 ಖರ್ಚಿಗೆ ಶೇ 1ರಂತೆ ಸಿಕ್ಕ ರಿವಾರ್ಡ್ 200 ರೂಪಾಯಿ. ನಾಲ್ಕು ತಿಂಗಳ ಗಳಿಕೆ ಒಂದೇ ತಿಂಗಳಲ್ಲಿ ಹೋಯಿತು. ಬಡ್ಡಿಯನ್ನು ಸಾಮಾನ್ಯವಾಗಿ ಖರೀದಿ ಮಾಡಿದ ದಿನದಿಂದಲೇ ಎಣಿಸುತ್ತಾರೆ, ಹಾಗಾಗಿ ನಿಜವಾದ ಮೊತ್ತ ಇದಕ್ಕಿಂತ ಹೆಚ್ಚೇ ಇರುತ್ತದೆ. ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನ ಸಿಗುವುದಿಲ್ಲ.

ಆದ್ದರಿಂದ ವರ್ಷದಲ್ಲಿ ಒಂದೆರಡು ತಿಂಗಳಾದರೂ ಪೂರ್ತಿ ಬಿಲ್ ಕಟ್ಟಲು ಆಗುವುದಿಲ್ಲ ಅನ್ನುವವರು ರಿವಾರ್ಡ್ ಹಿಂದೆ ಬೀಳುವುದು ಬೇಡ. ಅವರಿಗೆ ಯುಪಿಐ ಮತ್ತು ಡೆಬಿಟ್ ಕಾರ್ಡೇ ಒಳ್ಳೆಯದು.

ಮೂರು ತಿಂಗಳ ಖರ್ಚು ಬರೆದು ನೋಡಿ

ಪೂರ್ತಿ ಕಟ್ಟುವ ಶಕ್ತಿ ಇದೆ ಅನ್ನುವವರು ಮುಂದಿನ ಕೆಲಸ ಮಾಡಿ. ಫೋನ್‌ಪೇ, ಗೂಗಲ್ ಪೇ ಹಿಸ್ಟರಿ ಮತ್ತು ಬ್ಯಾಂಕ್ ಪಾಸ್‌ಬುಕ್ ತೆಗೆದು ಹಿಂದಿನ ಮೂರು ತಿಂಗಳ ಖರ್ಚನ್ನು ಐದು ಸಾಲಿನಲ್ಲಿ ಬರೆಯಿರಿ:

1. ಅಂಗಡಿಗಳಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿ ಕೊಟ್ಟಿದ್ದು (ಕಿರಾಣಿ, ತರಕಾರಿ, ಹೋಟೆಲ್)
2. ಆನ್‌ಲೈನ್ ಖರೀದಿ
3. ಪೆಟ್ರೋಲ್, ಡೀಸೆಲ್
4. ಬಟ್ಟೆ, ಔಷಧಿ, ಆಸ್ಪತ್ರೆ (ಸ್ವೈಪ್ ಮಷಿನ್ ಇರುವ ಕಡೆ)
5. ಕರೆಂಟ್ ಬಿಲ್, ರೀಚಾರ್ಜ್, ಶಾಲೆ ಫೀ, ಇನ್ಶೂರೆನ್ಸ್, ಬಾಡಿಗೆ

ನಮ್ಮ ತಾಲ್ಲೂಕುಗಳಲ್ಲಿ ಬಹಳ ಮನೆಗಳಿಗೆ ಮೊದಲ ಸಾಲೇ ದೊಡ್ಡದು. ಏಜೆಂಟ್ ಹೇಳುವ "ಶೇ 5" ಸಾಮಾನ್ಯವಾಗಿ ಎರಡನೇ ಸಾಲಿಗೆ ಮಾತ್ರ. ಐದನೇ ಸಾಲಿಗೆ ಅನೇಕ ಕಾರ್ಡ್‌ಗಳಲ್ಲಿ ಏನೂ ಇಲ್ಲ, ಇಲ್ಲವೇ ಬಹಳ ಕಡಿಮೆ. ವ್ಯಾಲೆಟ್‌ಗೆ ರೊಕ್ಕ ಹಾಕುವುದು, ಇಎಂಐ ಖರೀದಿ, ಬಂಗಾರ ಇವನ್ನೂ ಹಲವು ಕಾರ್ಡ್‌ಗಳು ಹೊರಗಿಟ್ಟಿವೆ. ಮಗಳ ಮದುವೆಗೆ ಬಂಗಾರ ತಗೊಂಡು ಪಾಯಿಂಟ್ ಗಳಿಸೋಣ ಅಂದುಕೊಂಡವರು ಈ ಪಟ್ಟಿಯನ್ನು ಮೊದಲೇ ನೋಡಬೇಕು.

ಯಾರಿಗೆ ಯಾವ ಬಗೆಯ ಕಾರ್ಡ್?

ಆನ್‌ಲೈನ್ ಖರೀದಿ ಹೆಚ್ಚಿದ್ದರೆ: ಒಂದೇ ಆ್ಯಪ್‌ನಲ್ಲಿ ತಗೊಳ್ಳುವವರಿಗೆ ಆ ಕಂಪನಿಯ ಜೊತೆ ಸೇರಿ ಬ್ಯಾಂಕ್ ಕೊಡುವ ಕಾರ್ಡ್ ಸರಿ. 2018ರಲ್ಲಿ ಬಂದ ಅಮೆಜಾನ್ ಪೇ ಐಸಿಐಸಿಐ, 2019ರಲ್ಲಿ ಬಂದ ಫ್ಲಿಪ್‌ಕಾರ್ಟ್ ಆಕ್ಸಿಸ್ ಈ ಬಗೆಯವು. ಹತ್ತು ಕಡೆ ಖರೀದಿ ಇರುವವರಿಗೆ ಯಾವುದೇ ಸೈಟ್‌ನಲ್ಲಿ ನಡೆಯುವ ಕ್ಯಾಶ್‌ಬ್ಯಾಕ್ ಕಾರ್ಡ್ ಬೇಕು. 2022ರಲ್ಲಿ ಬಂದ ಕ್ಯಾಶ್‌ಬ್ಯಾಕ್ ಎಸ್‌ಬಿಐ ಕಾರ್ಡ್ ಅಂಥದ್ದು. ಇವುಗಳ ದರ, ತಿಂಗಳ ಮಿತಿ ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಬ್ಯಾಂಕಿನ ಸೈಟ್‌ನಲ್ಲಿ ಇರುವುದೇ ಲೆಕ್ಕ, ಹಳೆ ಯೂಟ್ಯೂಬ್ ವಿಡಿಯೋ ಅಲ್ಲ.

ಕ್ಯುಆರ್ ಖರ್ಚು ಹೆಚ್ಚಿದ್ದರೆ: ರುಪೇ ಕ್ರೆಡಿಟ್ ಕಾರ್ಡ್ ಕೇಳಿ. ವೀಸಾ, ಮಾಸ್ಟರ್‌ಕಾರ್ಡ್ ಅಂಗಡಿಯ ಯುಪಿಐ ಕ್ಯುಆರ್‌ನಲ್ಲಿ ನಡೆಯುವುದಿಲ್ಲ, ರುಪೇ ನಡೆಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಈ ಸೌಲಭ್ಯ ಶುರುವಾಯಿತು. ಆದರೆ ಕೆಲವು ಕಾರ್ಡ್‌ಗಳು ಯುಪಿಐ ಖರ್ಚಿಗೆ ರಿವಾರ್ಡ್ ಕೊಡುವುದಿಲ್ಲ ಅಥವಾ ಕಡಿಮೆ ಕೊಡುತ್ತವೆ. "ಯುಪಿಐಗೆ ಎಷ್ಟು?" ಅಂತ ಬಿಡಿಸಿ ಕೇಳಬೇಕು. ಯಾವ ನೆಟ್‌ವರ್ಕ್ ಬೇಕು ಎಂದು ಆರಿಸುವ ಹಕ್ಕನ್ನು ಆರ್‌ಬಿಐ 2024ರ ಸೆಪ್ಟೆಂಬರ್ 6ರಿಂದ ಗ್ರಾಹಕರಿಗೆ ಕೊಟ್ಟಿದೆ. 10 ಲಕ್ಷದವರೆಗೆ ಮಾತ್ರ ಚಾಲ್ತಿ ಕಾರ್ಡ್ ಇರುವ ಸಣ್ಣ ಕಂಪನಿಗಳಿಗೆ ಇದು ಅನ್ವಯಿಸುವುದಿಲ್ಲ.

ಪೆಟ್ರೋಲ್ ಹೆಚ್ಚಿದ್ದರೆ: ಭಾಲ್ಕಿಯಿಂದ ದಿನಾ ಬೀದರ್‌ಗೆ ಓಡಾಡುವವರು, ಊರೂರು ಮಾಲು ಹಾಕುವ ಡಿಸ್ಟ್ರಿಬ್ಯೂಟರ್‌ಗಳು, ಗೂಡ್ಸ್ ಗಾಡಿ ಇಟ್ಟವರು ಇಂಧನ ಕಾರ್ಡ್ ನೋಡಬಹುದು. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರಕ್ಕೂ ಬ್ಯಾಂಕ್‌ಗಳ ಜೊತೆ ಸೇರಿದ ಕಾರ್ಡ್‌ಗಳಿವೆ. ಒಂದೇ ಸೂತ್ರ: ನಿಮ್ಮ ದಾರಿಯಲ್ಲಿ ಯಾವ ಕಂಪನಿಯ ಬಂಕ್ ಇದೆಯೋ ಆ ಕಾರ್ಡ್. ಹೆಚ್ಚಿನ ಪಾಯಿಂಟ್ ಆ ಕಂಪನಿಯ ಬಂಕ್‌ನಲ್ಲೇ ಸಿಗುವುದು. ಸಾಮಾನ್ಯ ಕಾರ್ಡ್‌ನಲ್ಲಿ ಪೆಟ್ರೋಲ್‌ಗೆ ಪಾಯಿಂಟ್ ಇರುವುದಿಲ್ಲ, ಶೇ 1 ಸರ್ಚಾರ್ಜ್ ಮಾತ್ರ ಬಿಡುತ್ತಾರೆ. ಅದಕ್ಕೂ ಒಂದು ಸಲಕ್ಕೆ ಇಷ್ಟರಿಂದ ಇಷ್ಟರೊಳಗೆ ಹಾಕಿಸಬೇಕು ಎಂಬ ಮಿತಿ ಇರುತ್ತದೆ. ಬೈಕ್‌ಗೆ ದಿನಾ 100 ರೂಪಾಯಿ ಹಾಕಿಸುವವರಿಗೆ ಅದು ಸಿಗುವುದಿಲ್ಲ.

ಪ್ರಯಾಣ ಹೆಚ್ಚಿದ್ದರೆ: ಬೀದರ್, ಭಾಲ್ಕಿಯಿಂದ ರೈಲಿನಲ್ಲಿ ಎಸಿ ಟಿಕೆಟ್ ಮಾಡಿಸುತ್ತಲೇ ಇರುವವರಿಗೆ ಐಆರ್‌ಸಿಟಿಸಿ ಹೆಸರಿನ ಕಾರ್ಡ್‌ಗಳು ಉಪಯೋಗ. ಸ್ಲೀಪರ್, ಜನರಲ್‌ನಲ್ಲಿ ಹೋಗುವವರು ಎಸಿ ಟಿಕೆಟ್‌ನ ರಿವಾರ್ಡ್ ನೋಡಿ ಕಾರ್ಡ್ ತಗೊಳ್ಳಬಾರದು. ಇನ್ನು ಏರ್‌ಪೋರ್ಟ್ ಲಾಂಜ್. ಬೀದರ್‌ನಿಂದ ಬೆಂಗಳೂರಿಗೆ ವಿಮಾನ 2020ರ ಫೆಬ್ರವರಿಯಲ್ಲಿ ಶುರುವಾಗಿದೆ ನಿಜ, ಆದರೆ ಲಾಂಜ್ ಸೌಲಭ್ಯದ ಲಾಭ ಆಗುವುದು ಹೈದರಾಬಾದ್ ಶಂಶಾಬಾದ್‌ನಂಥ ದೊಡ್ಡ ನಿಲ್ದಾಣಗಳಿಂದ ಆಗಾಗ ಹಾರುವವರಿಗೆ. ವರ್ಷಕ್ಕೊಮ್ಮೆ ಹೋಗುವವರು ಅದಕ್ಕಾಗಿ ಸಾವಿರಾರು ರೂಪಾಯಿ ವಾರ್ಷಿಕ ಶುಲ್ಕ ಕಟ್ಟುವುದರಲ್ಲಿ ಅರ್ಥ ಇಲ್ಲ.

ಶೇ 5 ದೊಡ್ಡದೋ, ಶೇ 1 ದೊಡ್ಡದೋ?

ಬೀದರ್ ನಗರದ ಒಂದು ಪಗಾರದ ಮನೆ ಹಿಡಿಯೋಣ. ತಿಂಗಳಿಗೆ ಆನ್‌ಲೈನ್ 5,000, ಕ್ಯುಆರ್‌ನಲ್ಲಿ 6,000, ಔಷಧಿ-ಬಟ್ಟೆ ಸ್ವೈಪ್ 4,000, ಪೆಟ್ರೋಲ್ 3,000.

ಮೊದಲ ಕಾರ್ಡ್: ಆನ್‌ಲೈನ್‌ಗೆ ಶೇ 5, ಸ್ವೈಪ್‌ಗೆ ಶೇ 1, ಕ್ಯುಆರ್ ಮತ್ತು ಪೆಟ್ರೋಲ್‌ಗೆ ಇಲ್ಲ. ಶುಲ್ಕ 999, ಜಿಎಸ್‌ಟಿ ಸೇರಿ 1,179. ತಿಂಗಳಿಗೆ ಸಿಗುವುದು 250 ಮತ್ತು 40, ಒಟ್ಟು 290. ವರ್ಷಕ್ಕೆ 3,480. ಶುಲ್ಕ ಕಳೆದರೆ 2,301.

ಎರಡನೇ ಕಾರ್ಡ್: ಶುಲ್ಕ ಇಲ್ಲದ ರುಪೇ, ಕ್ಯುಆರ್ ಸೇರಿ ಎಲ್ಲದಕ್ಕೂ ಶೇ 1, ಪೆಟ್ರೋಲ್‌ಗೆ ಇಲ್ಲ. 15,000ಕ್ಕೆ ತಿಂಗಳಿಗೆ 150. ವರ್ಷಕ್ಕೆ 1,800.

ಶೇ 5 ಮತ್ತು ಶೇ 1ರ ನಡುವೆ ವರ್ಷಕ್ಕೆ ಉಳಿದ ಫರಕು 501 ರೂಪಾಯಿ! ಅದೇ ಮನೆಯ ಆನ್‌ಲೈನ್ ಖರ್ಚು 5,000ದಿಂದ 3,000ಕ್ಕೆ ಇಳಿದರೆ ಮೊದಲ ಕಾರ್ಡ್ ಕೊಡುವುದು 1,101, ಎರಡನೆಯದು 1,560. ಲೆಕ್ಕ ಉಲ್ಟಾ ಆಯಿತು. "ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ" ಅಂತಾರೆ. ಶುಲ್ಕದ 1,179 ಉಳಿಸಲು ಬೇಡದ್ದನ್ನು ಕೊಂಡರೆ ಕಾರ್ಡ್ ಕಂಪನಿಗೆ ಲಾಭ, ನಿಮಗಲ್ಲ.

ಪಾಯಿಂಟ್ ಅಂದರೆ ರೂಪಾಯಿ ಅಲ್ಲ

"10,000 ಪಾಯಿಂಟ್ ಫ್ರೀ" ಅಂದ ಕೂಡಲೇ 10,000 ರೂಪಾಯಿ ಅಂದುಕೊಳ್ಳಬೇಡಿ. ಕೆಲವು ಕಾರ್ಡ್‌ಗಳಲ್ಲಿ 4 ಪಾಯಿಂಟ್ ಸೇರಿದರೆ 1 ರೂಪಾಯಿ. ಅಲ್ಲಿಗೆ 10,000 ಪಾಯಿಂಟ್ ಬೆಲೆ 2,500. 100 ರೂಪಾಯಿಗೆ 1 ಪಾಯಿಂಟ್ ಅಂದರೆ ನಿಜವಾಗಿ ಸಿಗುವುದು ಕಾಲು ರೂಪಾಯಿ. ಪಾಯಿಂಟ್ ಬಿಡಿಸಿಕೊಳ್ಳಲು ಶುಲ್ಕ ಇರಬಹುದು, ಎರಡು-ಮೂರು ವರ್ಷಕ್ಕೆ ಅವಧಿ ಮುಗಿಯಬಹುದು. ಲೆಕ್ಕ ಇಡಲು ಬೇಜಾರು ಅನ್ನುವವರಿಗೆ ಬಿಲ್‌ನಲ್ಲೇ ಕಡಿತ ಆಗುವ ಕ್ಯಾಶ್‌ಬ್ಯಾಕ್ ಕಾರ್ಡೇ ಲೇಸು.

ಅಂಗಡಿಯವರಿಗೆ ಮೂರು ಮಾತು

ಒಂದು, ಬಿಲ್ ತಾರೀಖು. ನಿಮ್ಮ ಬಿಲ್ ಪ್ರತಿ ತಿಂಗಳು 5ಕ್ಕೆ ತಯಾರಾಗಿ 25ಕ್ಕೆ ಕಟ್ಟಬೇಕು ಅಂತಿಟ್ಟುಕೊಳ್ಳಿ. ಅಕ್ಟೋಬರ್ 4ಕ್ಕೆ ಮಾಲು ತಂದರೆ ಅಕ್ಟೋಬರ್ 25ಕ್ಕೆ ಕಟ್ಟಬೇಕು, ಸಿಕ್ಕಿದ್ದು 21 ದಿನ. ಎರಡು ದಿನ ತಡೆದು 6ಕ್ಕೆ ತಂದರೆ ನವೆಂಬರ್ 25, ಅಂದರೆ 50 ದಿನ. ದಸರಾ, ದೀಪಾವಳಿ ಮಾಲಿಗೆ ಈ 50 ದಿನ ಬಡ್ಡಿ ಇಲ್ಲದ ಬಂಡವಾಳ. ಬಿಲ್ ತಾರೀಖನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶ ಆರ್‌ಬಿಐ ನಿಯಮದಲ್ಲೇ ಇದೆ. ಆದರೆ ಹೋಲ್‌ಸೇಲ್‌ನವರು "ಕಾರ್ಡ್ ಆದ್ರೆ ಶೇ 2 ಹೆಚ್ಚು" ಅಂದರೆ ಶೇ 1 ರಿವಾರ್ಡ್‌ಗಾಗಿ ಶೇ 2 ಕೊಡುವುದು ನಷ್ಟವೇ.

ಎರಡು, ಗ್ರಾಹಕರ ರುಪೇ ಕಾರ್ಡ್. ಗ್ರಾಹಕರು ಯುಪಿಐ ಮೂಲಕ ರುಪೇ ಕ್ರೆಡಿಟ್‌ನಿಂದ ಕೊಟ್ಟರೆ, ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗಿನ ಪಾವತಿಗೆ ಶುಲ್ಕ ಇಲ್ಲ. ಸ್ವಂತ ಖಾತೆಯ ಕ್ಯುಆರ್ ಇಟ್ಟರೆ ಈ ಪಾವತಿ ಬರುವುದಿಲ್ಲ, ವ್ಯಾಪಾರಿ ಕ್ಯುಆರ್ ಬೇಕು.

ಮೂರು, ತಮ್ಮದೇ ಅಂಗಡಿಯ ಕ್ಯುಆರ್‌ಗೆ ತಮ್ಮದೇ ಕಾರ್ಡ್‌ನಿಂದ ಹಾಕಿ ನಗದು ಮಾಡಿಕೊಳ್ಳುವುದು ಬೇಡ. ಅದು ನಿಯಮಕ್ಕೆ ವಿರುದ್ಧ, ಕಾರ್ಡ್ ಬಂದ್ ಆಗಬಹುದು. ಮೇಲಾಗಿ ಆ ರೊಕ್ಕ ಅಂಗಡಿಯ ವಹಿವಾಟಿನಂತೆ ಕಾಣುತ್ತದೆ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಗದ್ದಲ ಆಯಿತು ಎಂಬುದು ಎಲ್ಲರಿಗೂ ನೆನಪಿದೆ. ಹಾಗೇ ವರ್ಷಕ್ಕೆ 1 ಲಕ್ಷ ಅಥವಾ ಹೆಚ್ಚು ಕಾರ್ಡ್ ಬಿಲ್ ನಗದಿನಲ್ಲಿ ಕಟ್ಟಿದರೆ, ಇಲ್ಲವೇ ಬೇರೆ ರೀತಿಯಲ್ಲಿ 10 ಲಕ್ಷ ದಾಟಿದರೆ ಆದಾಯ ತೆರಿಗೆ ಇಲಾಖೆಗೆ ಮಾಹಿತಿ ಹೋಗುತ್ತದೆ.

ರೈತರಿಗೆ: ಕಿಸಾನ್ ಕಾರ್ಡ್ ಬೇರೆ, ಇದು ಬೇರೆ

ಹೆಸರು ಒಂದೇ ಥರ ಇರುವುದರಿಂದ ಗೊಂದಲ ಆಗುತ್ತದೆ. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆಸಾಲದ್ದು. 3 ಲಕ್ಷದವರೆಗಿನ ಸಾಲಕ್ಕೆ ಶೇ 7 ಬಡ್ಡಿ, ಹೇಳಿದ ಸಮಯಕ್ಕೆ ಕಟ್ಟಿದರೆ ಶೇ 4ಕ್ಕೆ ಇಳಿಯುತ್ತದೆ. ಸಹಕಾರ ಸಂಘದಲ್ಲಿ ಸಿಗುವ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಪಿಕೆಪಿಎಸ್‌ನಲ್ಲಿ ಶೂನ್ಯ ಬಡ್ಡಿ ಸಾಲ ಸಿಗುವಾಗ ಬೀಜ, ಗೊಬ್ಬರಕ್ಕೆ ಶೇ 45ರ ಕಾರ್ಡ್ ಉಜ್ಜಿ, ಸುಗ್ಗಿಗೆ ತೀರಿಸ್ತೀನಿ ಅನ್ನುವುದು ದೊಡ್ಡ ತಪ್ಪು. ಜೂನ್‌ನಲ್ಲಿ ಬಿತ್ತಿದ ಸೋಯಾ ರೊಕ್ಕ ಕೈಗೆ ಬರುವಷ್ಟರಲ್ಲಿ ನಾಲ್ಕು-ಐದು ಬಿಲ್ ಬಂದು ಹೋಗಿರುತ್ತವೆ. ಕಾರ್ಡ್ ಬಾಕಿ ಉಳಿದು ಸಿಬಿಲ್ ಕೆಟ್ಟರೆ ನಾಳೆ ಟ್ರ್ಯಾಕ್ಟರ್ ಸಾಲ, ಮನೆ ಸಾಲಕ್ಕೂ ಅಡ್ಡಿ.

ಪಗಾರ ಚೀಟಿ, ಐಟಿಆರ್ ಇಲ್ಲದವರಿಗೆ

ಬ್ಯಾಂಕ್‌ನಲ್ಲಿ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯಬಹುದು. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಕಾರ್ಡ್ ಮಿತಿ ಎಫ್‌ಡಿ ಮೊತ್ತದ ಒಳಗೆ ಇರುತ್ತದೆ. ಮೊದಲ ಸಲ ಕಾರ್ಡ್ ಹಿಡಿಯುವವರಿಗೆ ಇದು ಒಳ್ಳೆಯ ದಾರಿ. ಮಿತಿಯ ಮೂರನೇ ಒಂದು ಭಾಗ ದಾಟದಂತೆ ಖರ್ಚು ಮಾಡಿ, ಒಂದು ವರ್ಷ ಸರಿಯಾಗಿ ಕಟ್ಟಿದರೆ ಸಿಬಿಲ್ ಸ್ಕೋರ್ ಕಟ್ಟಿಕೊಳ್ಳಲು ಸಹಾಯ ಆಗುತ್ತದೆ. ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಪಡೆಯುವ ಹಕ್ಕಿದೆ.

ನಿಮ್ಮ ಹಕ್ಕುಗಳು ಗೊತ್ತಿರಲಿ

2022ರಲ್ಲಿ ಆರ್‌ಬಿಐ ತಂದ ನಿಯಮಗಳಲ್ಲಿ ಮುಖ್ಯವಾದವು ಇಲ್ಲಿವೆ.

- ಕೇಳದೆ ಕಾರ್ಡ್ ಕಳಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಚಾಲೂ ಮಾಡಿ ಬಿಲ್ ಹಾಕಿದರೆ ಆ ಮೊತ್ತ ವಾಪಸ್ ಕೊಟ್ಟು, ಅದರ ಎರಡು ಪಟ್ಟು ದಂಡವನ್ನೂ ಕೊಡಬೇಕು.
- ಬಂದ ಕಾರ್ಡ್ 30 ದಿನದೊಳಗೆ ಚಾಲೂ ಆಗದಿದ್ದರೆ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಬೇಡ ಅಂದರೆ ಖರ್ಚಿಲ್ಲದೆ ಬಂದ್ ಮಾಡಬೇಕು.
- ಬಾಕಿ ತೀರಿಸಿ ಕಾರ್ಡ್ ಬಂದ್ ಮಾಡಿ ಅಂದರೆ 7 ಕೆಲಸದ ದಿನದೊಳಗೆ ಮಾಡಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.
- ಕೊನೆಯ ತಾರೀಖು ದಾಟಿ 3 ದಿನದವರೆಗೆ ಲೇಟ್ ಫೀ ಹಾಕುವಂತಿಲ್ಲ. ಬಡ್ಡಿ ಮಾತ್ರ ಬೇರೆ ವಿಷಯ.

ನಮ್ಮ ಜಿಲ್ಲೆಯ ಎಸ್‌ಬಿಎಚ್ ಶಾಖೆಗಳು 2017ರ ಏಪ್ರಿಲ್ 1ರಿಂದ ಎಸ್‌ಬಿಐ ಆದವು. ಖಾತೆ ಅಲ್ಲೇ ಇರುವುದರಿಂದ ಕಾರ್ಡ್ ದೂರಿಗೂ ಬಹಳ ಜನ ಶಾಖೆಗೆ ಹೋಗುತ್ತಾರೆ. ಎಸ್‌ಬಿಐ ಕಾರ್ಡ್ ಬ್ಯಾಂಕಿನ ಅಂಗಸಂಸ್ಥೆಯಾದರೂ ಬೇರೆ ಕಂಪನಿ. ದೂರನ್ನು ಕಾರ್ಡ್ ಕಂಪನಿಗೇ ಬರವಣಿಗೆಯಲ್ಲಿ ಕೊಟ್ಟು ನಂಬರ್ ಪಡೆಯಬೇಕು. ಯಾವುದೇ ಕಂಪನಿ ಇರಲಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಅನ್ನಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448.

"ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತೆ, ಲಿಂಕ್ ಒತ್ತಿ" ಎಂದು ಬರುವ ಮೆಸೇಜ್ ನಂಬಬೇಡಿ. ಒಟಿಪಿ ಹೇಳಿ ರೊಕ್ಕ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ಮೋಸ ಆದ ತಕ್ಷಣ ಬ್ಯಾಂಕಿಗೆ ಹೇಳಿ ಕಾರ್ಡ್ ಬಂದ್ ಮಾಡಿಸಿ, 1930ಕ್ಕೆ ಕರೆ ಮಾಡಿ.

ಅರ್ಜಿಗೆ ಸಹಿ ಹಾಕುವ ಮುನ್ನ ಕೇಳಿ

1. ಶುಲ್ಕ ಮೊದಲ ವರ್ಷ ಮಾತ್ರ ಇಲ್ಲವೋ, ಯಾವತ್ತೂ ಇಲ್ಲವೋ?
2. ಇದು ರುಪೇ ಕಾರ್ಡೇ? ಯುಪಿಐ ಖರ್ಚಿಗೆ ಎಷ್ಟು ಕೊಡ್ತೀರಿ?
3. ಯಾವ ಖರ್ಚಿಗೆ ರಿವಾರ್ಡ್ ಇಲ್ಲ? ಪಟ್ಟಿ ತೋರಿಸಿ.
4. ತಿಂಗಳಿಗೆ ಗರಿಷ್ಠ ಎಷ್ಟು ಸಿಗುತ್ತದೆ?
5. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ? ಅವಧಿ ಎಷ್ಟು?
6. ತಿಂಗಳ ಬಡ್ಡಿ ಎಷ್ಟು? ಎಟಿಎಂನಲ್ಲಿ ನಗದು ತೆಗೆದರೆ ಶುಲ್ಕ ಎಷ್ಟು? (ನಗದಿಗೆ ಮೊದಲ ದಿನದಿಂದಲೇ ಬಡ್ಡಿ.)
7. ಕಾರ್ಡ್ ಜೊತೆ ಇನ್ಶೂರೆನ್ಸ್ ಏನಾದರೂ ಸೇರಿಸಿದ್ದೀರಾ?

ಏಜೆಂಟ್ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾರ್ಡ್‌ನ ಮುಖ್ಯ ಷರತ್ತುಗಳ ಹಾಳೆಯಲ್ಲಿ ತೋರಿಸಲಿ. ಕಾರ್ಡ್ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಖರೀದಿ ಅಲ್ಲ, ಆಟೋ ಪೇ ಹಾಕಿಸುವುದು. ಅದರಲ್ಲೂ "ಮಿನಿಮಮ್ ಡ್ಯೂ" ಅಲ್ಲ, "ಟೋಟಲ್ ಡ್ಯೂ" ಆರಿಸಬೇಕು. ಖಾತೆಯಲ್ಲಿ ಅಷ್ಟು ರೊಕ್ಕ ಇಲ್ಲದ ತಿಂಗಳು ಕಾರ್ಡ್ ಮನೆಯಲ್ಲೇ ಇರಲಿ.